ಮಾಡು ಹಾಳಾದರೆ ಹಣ ಕೊಡುವವರು ಯಾರು: ಕೊಡಗಿನ ಮನೆಗಳಿಗೆ ವಾರಂಟಿ ಮತ್ತು ವಿಮೆಯ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಮನೆ ಕಟ್ಟುವವರು ಗೋಡೆಗಿಂತ ಹೆಚ್ಚಾಗಿ ಯೋಚಿಸುವುದು ಮಾಡಿನ, ಅಂದರೆ ಛಾವಣಿಯ ಬಗ್ಗೆ. ಮಾರ್ಚ್–ಏಪ್ರಿಲ್‌ನ ಹೂಮಳೆಯೊಂದಿಗೆ ಬರುವ ಗಾಳಿ ಮತ್ತು ಆಲಿಕಲ್ಲಿನಿಂದ ಆರಂಭವಾಗಿ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷಗಳನ್ನು ದಾಟಿ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮಳೆ ಇಳಿಮುಖವಾಗುವವರೆಗೂ ಹೆಂಚು, ಶೀಟು, ತಾರಸಿಗಳು ವರ್ಷದ ಅರ್ಧ ಭಾಗವನ್ನು ನೀರಿನ ಕೆಳಗೇ ಕಳೆಯುತ್ತವೆ. ಹೀಗಿದ್ದೂ ಮಾಡಿಗೆ ಹಾನಿಯಾದ ದಿನ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ಎರಡೇ ಕಾಗದ: ಶೀಟ್ ಕೊಂಡಾಗ ಅಂಗಡಿಯವರು ಕೊಟ್ಟ ಗ್ಯಾರಂಟಿ ಕಾರ್ಡ್ ಮತ್ತು ಬ್ಯಾಂಕಿನವರು ಸಾಲದ ಜೊತೆಗೆ ಮಾಡಿಸಿದ ವಿಮಾ ಪಾಲಿಸಿ. ಯಾವುದನ್ನು ಯಾವಾಗ ತೆಗೆಯಬೇಕು ಎಂಬುದು ತಿಳಿಯದೆ ಮೊದಲು ಒಬ್ಬರ ಬಾಗಿಲು, ಆಮೇಲೆ ಇನ್ನೊಬ್ಬರ ಬಾಗಿಲು ತಟ್ಟಿ, ಅಷ್ಟರಲ್ಲಿ ದೂರು ಕೊಡುವ ಅವಧಿಯನ್ನೂ ಸಾಕ್ಷ್ಯವನ್ನೂ ಕಳೆದುಕೊಂಡವರನ್ನು ನಾನು ಸಾಕಷ್ಟು ಕಂಡಿದ್ದೇನೆ.

ಈ ಎರಡು ಕಾಗದಗಳು ಕೇಳುವ ಪ್ರಶ್ನೆಗಳೇ ಬೇರೆ. ವಾರಂಟಿ ಕೇಳುವುದು, ವಸ್ತುವಿನಲ್ಲಿ ಅಥವಾ ಅದನ್ನು ಕೂರಿಸಿದ ಕೆಲಸದಲ್ಲಿ ಮೊದಲಿನಿಂದಲೇ ದೋಷವಿತ್ತೇ ಎಂದು. ವಿಮೆ ಕೇಳುವುದು, ಚೆನ್ನಾಗಿಯೇ ಇದ್ದ ಮಾಡಿನ ಮೇಲೆ ಹೊರಗಿನಿಂದ ಏನು ಬಂದು ಬಿತ್ತು, ಯಾವ ದಿನ ಬಿತ್ತು ಎಂದು. ಗಾಳಿಗೆ ಮುರಿದ ಸಿಲ್ವರ್ ಓಕ್ ಮರ ಅಡುಗೆಮನೆಯ ಮೇಲೆ ಬಿದ್ದರೆ ಶೀಟ್ ಕಂಪನಿಗೆ ಅದು ಸಂಬಂಧಿಸಿದ ವಿಷಯವಲ್ಲ. ಹಾಕಿಸಿದ ಎರಡೇ ವರ್ಷಕ್ಕೆ ಶೀಟಿನ ಬಣ್ಣ ಚಕ್ಕೆಯಾಗಿ ಎದ್ದು ಬಂದರೆ ಅದು ವಿಮಾ ಕಂಪನಿಯ ವಿಷಯವಲ್ಲ. ಇವೆರಡರ ನಡುವೆ ಯಾರೂ ಹೊರದ ಒಂದು ದೊಡ್ಡ ಪಾಲಿದೆ: ಹೆಂಚು ಹೊರುವ ಮರದ ಪಟ್ಟಿಯಾದ ರೀಪು ವಯಸ್ಸಾಗಿ ಕುಂಬಾಗುವುದು, ಕೋತಿಗಳು ಸರಿಸಿದ ಹೆಂಚಿನ ಸಂದಿಯಿಂದ ಎರಡು ಮಳೆಗಾಲ ನೀರು ಇಳಿಯುವುದು, ತರಗೆಲೆ ತುಂಬಿದ ಗಟರ್ ಉಕ್ಕಿ ಗೋಡೆ ನೆನೆಯುವುದು. ಈ ಪಾಲಿನ ಖರ್ಚು ಮನೆಯವರದೇ, ಮತ್ತು ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಇದೇ ಅತಿ ದೊಡ್ಡ ಪಾಲು ಎಂಬುದು ನನ್ನ ಅಂದಾಜು.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆ ಹೇಳಬೇಕು. ಅಂತರ್ಜಾಲದಲ್ಲಿ ಛಾವಣಿಯ ವಾರಂಟಿ ಮತ್ತು ಗೃಹವಿಮೆಯ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳಿಗಾಗಿ ಬರೆದವು. ಅಲ್ಲಿನ ಡಾಂಬರು ಹಾಳೆಯ ಛಾವಣಿಯ ನಿಯಮಗಳನ್ನು ಹೆಂಚಿನ ಮನೆಗೂ ನಮ್ಮ ಪಾಲಿಸಿಗೂ ಅನ್ವಯಿಸಿಕೊಂಡರೆ ದಾರಿ ತಪ್ಪುತ್ತದೆ.

ಮೊದಲ ಹೆಜ್ಜೆ: ನಿಮ್ಮ ಮಾಡು ಯಾವುದು, ಅದಕ್ಕೆ ಯಾರು ಹೊಣೆ

ಮಂಗಳೂರು ಹೆಂಚಿನ ಮಾಡಿಗೆ ವಾರಂಟಿ ಎಂಬುದು ಇಲ್ಲವೆಂದೇ ಇಟ್ಟುಕೊಳ್ಳಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಆರಂಭಿಸಿದ ಈ ಉದ್ಯಮದ ಹೆಂಚುಗಳು ನೂರು ವರ್ಷ ದಾಟಿದ ಮನೆಗಳ ಮೇಲೆ ಇಂದಿಗೂ ಕೂತಿರುವುದು ನಿಜ, ಆದರೆ ಅದು ಮಣ್ಣಿನ ಗುಣವೇ ಹೊರತು ಯಾರೋ ಬರೆದುಕೊಟ್ಟ ಭರವಸೆಯಲ್ಲ. ಲಾರಿಯಿಂದ ಇಳಿಸಿ ಎಣಿಸಿಕೊಂಡ ಮೇಲೆ ಒಡೆದ ಹೆಂಚು ನಿಮ್ಮದು. ಆದ್ದರಿಂದ ಹೆಂಚಿನ ಮನೆಯವರಿಗೆ ವಿಮೆಯೊಂದೇ ದಾರಿ. ಜೊತೆಗೆ ಒಂದು ಸಣ್ಣ ಸಲಹೆಯಿದೆ: ಹಳೆಯ ಕಾರ್ಖಾನೆಗಳ ಅಚ್ಚಿನ ಹೆಂಚಿಗೆ ಈಗಿನ ಹೆಂಚು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹತ್ತು ಹೆಂಚು ಒಡೆದರೆ ವಿಮೆಯಿಂದ ಹತ್ತು ಹೆಂಚಿನ ಹಣ ಬರಬಹುದು, ಇಡೀ ಇಳಿಜಾರನ್ನು ಬದಲಿಸುವ ಹಣ ಬರುತ್ತದೆಂದು ನಂಬಬಾರದು. ಮನೆ ಕೆಡವುವವರಿಂದ ಅದೇ ಅಚ್ಚಿನ ನೂರು ಹೆಂಚು ಕೊಂಡು ಕೊಟ್ಟಿಗೆಯಲ್ಲಿ ಪೇರಿಸಿಟ್ಟುಕೊಳ್ಳುವುದು ಯಾವ ಪಾಲಿಸಿಗಿಂತಲೂ ಅಗ್ಗ.

ಆರ್‌ಸಿಸಿ ತಾರಸಿಯ ವಿಷಯದಲ್ಲಿ ವಾರಂಟಿ ಇದ್ದರೆ ಅದು ವಾಟರ್‌ಪ್ರೂಫಿಂಗ್ ಮಾಡಿದವರು ಕೊಟ್ಟದ್ದು. ಸೋಲಾರ್ ಸ್ಟ್ಯಾಂಡಿಗೋ ಡಿಶ್ ಆಂಟೆನಾಕ್ಕೋ ತಾರಸಿಯಲ್ಲಿ ಒಂದು ತೂತು ಕೊರೆದರೂ ಆ ವಾರಂಟಿ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮೊದಲೇ ಅವರಿಗೆ ತಿಳಿಸಿ, ಅವರ ಕೈಯಿಂದಲೇ ಕೊರೆಸಿ, ಹಾಗೆ ಮಾಡಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

ನಿಜವಾದ ಲಿಖಿತ ವಾರಂಟಿ ಇರುವುದು ಬಣ್ಣದ ಶೀಟುಗಳಿಗೆ. ತಾರಸಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹೊದಿಸುವುದು ಈಗ ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಎಲ್ಲ ಕಡೆಯ ಪದ್ಧತಿಯಾಗಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಎರಡನೆಯ ಹೆಜ್ಜೆ: ವಾರಂಟಿಯನ್ನು ಓದುವ ಬಗೆ

ಶೀಟಿನ ಮಾಡಿಗೆ ಎರಡು ವಾರಂಟಿಗಳಿರುತ್ತವೆ, ಅಥವಾ ಇರಬೇಕು. ಒಂದು ತಯಾರಕರದು: ತುಕ್ಕು ತೂತು ಮಾಡುವುದಿಲ್ಲ, ಬಣ್ಣದ ಪದರ ಸುಲಿಯುವುದಿಲ್ಲ ಎಂಬ ಭರವಸೆ. ಇನ್ನೊಂದು ಕೂರಿಸಿದ ಗುತ್ತಿಗೆದಾರರದು: ಸ್ಕ್ರೂ, ರಬ್ಬರ್ ವಾಷರ್, ಒಂದರ ಮೇಲೊಂದು ಹೊದಿಕೆಯಾಗುವ ಅಂಚು, ಎರಡು ಇಳಿಜಾರು ಕೂಡುವ ಜಾಗದ ತಗಡು, ಇವೆಲ್ಲ ಸೋರದಂತೆ ಮಾಡಿದ ಕೆಲಸದ ಭರವಸೆ. ಮೊದಲನೆಯದು ಅಚ್ಚಾಗಿ ಬರುತ್ತದೆ, ಎರಡನೆಯದು ಬಾಯಿಮಾತಿನಲ್ಲಿ ಬರುತ್ತದೆ. ಸೋರುವಿಕೆಯ ದೂರುಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು ಎಂಬುದೇ ಇಲ್ಲಿನ ತೊಂದರೆ. ಸೋರಿದಾಗ ಫಿಟ್ಟಿಂಗ್ ಮಾಡಿದವನು ಶೀಟೇ ಸರಿಯಿಲ್ಲ ಸಾರ್ ಎನ್ನುತ್ತಾನೆ, ಕಂಪನಿಯ ಪ್ರತಿನಿಧಿ ಫಿಟ್ಟಿಂಗ್ ಸರಿಯಿಲ್ಲ ಎನ್ನುತ್ತಾನೆ, ನಡುವೆ ಪಾತ್ರೆ ಹಿಡಿದು ನಿಲ್ಲುವವರು ಮನೆಯವರು. ಕೆಲಸ ಒಪ್ಪಿಸುವ ಮೊದಲೇ ಅಂದಾಜು ಪಟ್ಟಿಯ ಕೆಳಗೆ ಇಂಥ ದಿನಾಂಕದಿಂದ ಇಷ್ಟು ಮಳೆಗಾಲ ಸೋರಿದರೆ ಕೂಲಿ ಸಹಿತ ಸರಿಪಡಿಸಿ ಕೊಡುತ್ತೇನೆ ಎಂಬ ಒಂದು ಸಾಲನ್ನು ಬರೆಸಿ ಸಹಿ ಹಾಕಿಸಿಕೊಳ್ಳಬೇಕು, ಮತ್ತು ಕೊನೆಯ ಕಂತಿನ ಒಂದು ಭಾಗವನ್ನು ಮೊದಲ ಜೋರು ಮಳೆ ಕಳೆದ ಮೇಲೆ ಕೊಡುವ ಮಾತಾಗಬೇಕು. ಬೇಸಿಗೆಯಲ್ಲಿ ಮುಗಿದ ಕೆಲಸಕ್ಕೆ ಬೇಸಿಗೆಯಲ್ಲೇ ಪೂರ್ತಿ ಹಣ ಕೊಟ್ಟವರ ಫೋನನ್ನು ಜುಲೈನಲ್ಲಿ ಯಾರೂ ಎತ್ತುವುದಿಲ್ಲ.

ತಯಾರಕರ ವಾರಂಟಿಯಲ್ಲಿ ಮೊದಲು ನೋಡಬೇಕಾದದ್ದು ಪರಿಹಾರದ ಲೆಕ್ಕ. ಅನೇಕ ವಾರಂಟಿಗಳಲ್ಲಿ ವರ್ಷ ಕಳೆದಂತೆ ಹೊಣೆಯೂ ಕರಗುತ್ತದೆ. ಉದಾಹರಣೆಗೆ, ತೊಂಬತ್ತು ಸಾವಿರ ರೂಪಾಯಿಯ ಶೀಟಿಗೆ ಹತ್ತು ವರ್ಷದ ವಾರಂಟಿ ಇದ್ದು, ಅದು ವರ್ಷಕ್ಕೆ ಹತ್ತರಲ್ಲಿ ಒಂದು ಪಾಲಿನಂತೆ ಇಳಿಯುವ ಬಗೆಯದಾಗಿದ್ದರೆ, ಏಳು ವರ್ಷ ತುಂಬಿದ ಮೇಲೆ ದೋಷ ಕಂಡರೆ ನಿಮಗೆ ಸಲ್ಲುವುದು ಇಪ್ಪತ್ತೇಳು ಸಾವಿರ. ಹಳೆಯ ಶೀಟ್ ಬಿಚ್ಚುವ ಕೂಲಿ, ಹೊಸದರ ಸಾಗಾಣಿಕೆ, ಸ್ಕ್ರೂ, ಕೂರಿಸುವ ಕೂಲಿ ಯಾವುದೂ ಇದರಲ್ಲಿ ಸೇರುವುದಿಲ್ಲ. ಹೀಗಾಗಿ ಕಾರ್ಡಿನ ಮೇಲೆ ದೊಡ್ಡಕ್ಷರದಲ್ಲಿರುವ ವರ್ಷಗಳ ಸಂಖ್ಯೆಗಿಂತ ಒಳಗಿನ ಪುಟದ ಈ ಲೆಕ್ಕ ಮುಖ್ಯ.

ಆಮೇಲೆ ನೋಡಬೇಕಾದದ್ದು ಹೊರತುಪಡಿಸಿದ ಕಾರಣಗಳ ಪಟ್ಟಿ. ಬಿರುಗಾಳಿ, ಮರ ಬೀಳುವುದು, ಸಿಡಿಲು ಮುಂತಾದವು ಅಲ್ಲಿ ಇದ್ದೇ ಇರುತ್ತವೆ, ಅದು ವಿಮೆಯ ಕ್ಷೇತ್ರ. ಕೊಡಗಿನವರು ಬೆರಳಿಟ್ಟು ಓದಬೇಕಾದ ಸಾಲುಗಳು ಬೇರೆ: ನೀರು ಅಥವಾ ಕಸ ನಿಲ್ಲುವುದು, ಒದ್ದೆ ಮರದ ಸಂಪರ್ಕ, ಕತ್ತರಿಸಿದ ಅಂಚಿನ ತುಕ್ಕು, ಹೊಗೆ, ಸೀಸ ಮತ್ತು ತಾಮ್ರದ ಸಂಪರ್ಕ, ರಾಸಾಯನಿಕ ಸಿಂಪರಣೆ. ಈ ಕೊನೆಯ ಎರಡು ನನಗೆ ಪಾಠ ಕಲಿಸಿದವು. ನಮ್ಮ ಮನೆಯ ಪಕ್ಕದಲ್ಲೇ ಅಡಕೆ ಮರಗಳಿವೆ, ಕೊಳೆರೋಗಕ್ಕೆ ಪ್ರತಿ ಮಳೆಗಾಲದಲ್ಲೂ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಶೀಟ್ ಹಾಕಿಸಿದ ನಾಲ್ಕನೆಯ ವರ್ಷ ಆ ಬದಿಯ ಇಳಿಜಾರಿನಲ್ಲಿ ಮಾತ್ರ ಬಿಳಿ ಮಚ್ಚೆ ಕಂಡು, ಮರುವರ್ಷ ಅಲ್ಲೇ ತುಕ್ಕು ಕಾಣಿಸಿತು. ಕಂಪನಿಯಿಂದ ಬಂದವರು ಏಣಿ ಹತ್ತಿ, ಸ್ಕ್ರೂಗಳ ಸುತ್ತ ಉಳಿದಿದ್ದ ನೀಲಿ ಕಲೆಯನ್ನು ತೋರಿಸಿ, ವಾರಂಟಿಯ ಪುಟ ತಿರುಗಿಸಿ, ಇಳಿದು ಹೋದರು. ಮೈಲುತುತ್ತದ ತಾಮ್ರ ಸತು-ಅಲ್ಯೂಮಿನಿಯಂ ಲೇಪನವನ್ನು ತಿನ್ನುತ್ತದೆ, ದ್ರಾವಣದಲ್ಲಿರುವ ಸುಣ್ಣವೂ ಒದ್ದೆಯಾಗಿರುವಾಗ ಅದೇ ಕೆಲಸ ಮಾಡುತ್ತದೆ. ತಪ್ಪು ನನ್ನದೇ ಆಗಿತ್ತು. ಈಗ ಸಿಂಪರಣೆಯ ದಿನ ಆ ಬದಿಗೆ ಟಾರ್ಪಾಲ್ ಹೊದಿಸುತ್ತೇವೆ, ಮುಗಿದ ಕೂಡಲೇ ಶೀಟಿಗೆ ಹೋಸ್ ಪೈಪಿನಲ್ಲಿ ನೀರು ಬಿಡುತ್ತೇವೆ. ಮನೆ ಪಕ್ಕದ ಕಾಳುಮೆಣಸಿನ ಬಳ್ಳಿಗೂ ಕಾಫಿಗೂ ಇದೇ ದ್ರಾವಣ ಹೊಡೆಯುವವರು ಇದನ್ನು ಗಮನಿಸಬೇಕು.

ಇನ್ನು ಕಾಗದಗಳ ಮಾತು. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮೊಹರು, ದಿನಾಂಕ ಮತ್ತು ಬಿಲ್ ಸಂಖ್ಯೆ ಇರಬೇಕು. ಜಿಎಸ್‌ಟಿ ಉಳಿಸಲೆಂದು ಬಿಲ್ ಇಲ್ಲದೆ ಶೀಟ್ ಕೊಂಡವರಿಗೆ ವಾರಂಟಿ ಇದ್ದೂ ಇಲ್ಲದಂತೆ. ಶೀಟಿನ ಕೆಳಮೈಯಲ್ಲಿ ಅಚ್ಚಾಗಿರುವ ಹೆಸರು, ದಪ್ಪ, ಲೇಪನ ಮತ್ತು ತಯಾರಿಕೆಯ ಗುರುತನ್ನು ಮೇಲೇರಿಸುವ ಮೊದಲೇ ಫೋಟೋ ತೆಗೆದಿಡಿ. ಮುಂದೆ ಟ್ರಸ್ಸಿನ ಕೆಳಗೆ ಸೀಲಿಂಗ್ ಹಾಕಿದರೆ ಆ ಗುರುತು ಮತ್ತೆ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯ ಹೆಜ್ಜೆ: ಪಾಲಿಸಿಯನ್ನು ಮಳೆಗೆ ಮೊದಲು ಸರಿಪಡಿಸಿಕೊಳ್ಳುವುದು

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ, ಮನೆಗಳಿಗಾಗಿ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿದೆ. ಯಾವ ಸಾಮಾನ್ಯ ವಿಮಾ ಕಂಪನಿಯಿಂದ ಕೊಂಡರೂ ಇದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಪ್ರವಾಹ ಮತ್ತು ಜಲಾವೃತ, ಭೂಕುಸಿತ, ಬಂಡೆ ಕುಸಿತ, ಮನೆ ನಿಂತ ನೆಲ ಕುಗ್ಗುವುದು, ಕಾಡ್ಗಿಚ್ಚು, ಹೊರಗಿನ ವಸ್ತು ಬಡಿದು ಆಗುವ ಹಾನಿ, ನೀರಿನ ಟ್ಯಾಂಕು–ಪೈಪು ಒಡೆಯುವುದು ಮುಂತಾದವು ಇದರಲ್ಲಿ ಸೇರಿವೆ. ಹೊರಗಿನ ವಸ್ತು ಎಂಬುದಕ್ಕೆ ಪಾಲಿಸಿಯೇ ಕೊಡುವ ಉದಾಹರಣೆಗಳಲ್ಲಿ ಬೀಳುವ ಮರವೂ ಇದೆ. ನಮಗೆ ಇದಕ್ಕಿಂತ ಮುಖ್ಯವಾದ ಪದ ಇಡೀ ಪಾಲಿಸಿಯಲ್ಲಿ ಇಲ್ಲ. ಆನೆ ತಳ್ಳಿದ ಹಲಸಿನ ಮರ ಮಾಡಿನ ಮೇಲೆ ಬಿದ್ದರೂ ಬಿದ್ದದ್ದು ಮರವೇ, ಹಾಗೆಯೇ ವಾದ ಮಂಡಿಸಬೇಕು.

ಈ ಪಟ್ಟಿಯಲ್ಲಿ ಮಾಡು ಸೋರುವುದು ಎಂಬುದು ಇಲ್ಲ ಎಂಬುದನ್ನೂ ಗಮನಿಸಿ. ಗಾಳಿ ಶೀಟನ್ನು ಕಿತ್ತು ಆ ತೆರಪಿನಿಂದ ಮಳೆ ಒಳಬಂದರೆ ಅದು ಬಿರುಗಾಳಿಯ ಹಾನಿ. ಏನೂ ಮುರಿಯದೆ ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೆ ಮಾಡು ತೊಟ್ಟಿಕ್ಕಿದರೆ ಅದು ವಿಮೆಯ ಘಟನೆಯೇ ಅಲ್ಲ. ಆಲಿಕಲ್ಲಿನ ಹೆಸರೂ ಪಟ್ಟಿಯಲ್ಲಿ ಬಿಡಿಯಾಗಿ ಇಲ್ಲದಿರುವುದರಿಂದ, ಆಲಿಕಲ್ಲಿನಿಂದ ಹೆಂಚು ಒಡೆದರೆ ಅದನ್ನು ಬಿರುಗಾಳಿಯ ಭಾಗವೆಂದು ಪರಿಗಣಿಸುತ್ತೀರಾ ಎಂದು ಪಾಲಿಸಿ ಕೊಳ್ಳುವಾಗಲೇ ಇಮೇಲ್‌ನಲ್ಲಿ ಕೇಳಿ ಉತ್ತರವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಭೂಕುಸಿತದ ಷರತ್ತನ್ನು ಎರಡು ಸಲ ಓದಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲ ಗುಡ್ಡಗಳು ಜಾರಿದ್ದು, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮಣ್ಣು ಕುಸಿದದ್ದು ನಮಗೆ ಮರೆತಿಲ್ಲ, ಆದ್ದರಿಂದ ಈ ರಕ್ಷಣೆ ಇದೆ ಎಂದೊಡನೆ ಸಮಾಧಾನವಾಗುವುದು ಸಹಜ. ಆದರೆ ತುಂಬಿದ ಮಣ್ಣಿನ ನೆಲ ಕೂತು ಆಗುವ ಹಾನಿ, ಹೊಸ ಕಟ್ಟಡದ ಸಾಮಾನ್ಯ ಬಿರುಕು, ನದಿ ಕೊರೆತ, ದೋಷಪೂರ್ಣ ವಿನ್ಯಾಸ ಅಥವಾ ಕಳಪೆ ಸಾಮಗ್ರಿ, ನೆಲ ಅಗೆತದ ಕೆಲಸ, ಇವುಗಳಿಂದಾದ ಕುಸಿತ ಹೊರಗುಳಿಯುತ್ತದೆ. ಇಳಿಜಾರನ್ನು ಜೆಸಿಬಿಯಿಂದ ಕಡಿದು, ಆ ಮಣ್ಣನ್ನೇ ಕೆಳಗೆ ತುಂಬಿಸಿ ಸಮತಟ್ಟು ಮಾಡಿದ ಜಾಗದಲ್ಲಿ ಕಟ್ಟಿದ ಮನೆಗಳು ಇಲ್ಲಿ ಎಷ್ಟಿವೆ ಎಂಬುದನ್ನು ಹೇಳಬೇಕಾಗಿಲ್ಲ. ಮನೆಯ ಯಾವ ಭಾಗ ಮೂಲ ನೆಲದ ಮೇಲಿದೆ ಎಂಬುದನ್ನು ತೋರಿಸುವ ನಕ್ಷೆ, ತಡೆಗೋಡೆಯ ಬಿಲ್ಲು ಮತ್ತು ಎಂಜಿನಿಯರರ ಪತ್ರ ಕೈಯಲ್ಲಿದ್ದರೆ ವಾದಕ್ಕೆ ಬಲ ಬರುತ್ತದೆ.

ವಿಮಾ ಮೊತ್ತದ ಲೆಕ್ಕ ಸರಳ: ಮನೆಯ ಕಾರ್ಪೆಟ್ ಏರಿಯಾವನ್ನು ಇಂದಿನ ಕಟ್ಟುವ ದರದಿಂದ ಗುಣಿಸಬೇಕು. ಸಾವಿರದಿನ್ನೂರು ಚದರಡಿಯ ಮನೆಗೆ ಚದರಡಿಗೆ ಎರಡು ಸಾವಿರವೆಂದು ಇಟ್ಟುಕೊಂಡರೆ ಇಪ್ಪತ್ನಾಲ್ಕು ಲಕ್ಷ. ಜಾಗದ ಬೆಲೆ ಇದರಲ್ಲಿ ಬರಕೂಡದು, ಮಾರುಕಟ್ಟೆಯ ಬೆಲೆಯೂ ಬೇಡ. ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ ಹತ್ತು ಲಕ್ಷದವರೆಗೆ, ಮನೆಯೊಳಗಿನ ಸಾಮಾನುಗಳಿಗೆ ತಾನಾಗಿ ಸೇರುತ್ತದೆ. ಅಂದರೆ ಈ ಉದಾಹರಣೆಯಲ್ಲಿ 4.8 ಲಕ್ಷ. ಮಾಡು ಹಾರಿ ನೆನೆದ ಮಂಚ, ಟಿವಿಗಳಿಗೆ ಇದು ಅನ್ವಯ. ಅಳತೆ ಸರಿಯಾಗಿ ಹೇಳಿದ್ದರೆ, ಮೊತ್ತ ಕಡಿಮೆಯಿತ್ತೆಂಬ ನೆಪದಲ್ಲಿ ಭಾಗಶಃ ಹಾನಿಯ ಪರಿಹಾರವನ್ನು ಅನುಪಾತದಲ್ಲಿ ಕಡಿತಗೊಳಿಸುವಂತಿಲ್ಲ ಎಂಬುದು ಈ ಪಾಲಿಸಿಯ ಒಳ್ಳೆಯ ಗುಣ. ಆದರೆ ಮೂಲ ಅಳತೆಗಿಂತ ಶೇ 10ಕ್ಕಿಂತ ಹೆಚ್ಚು ವಿಸ್ತರಿಸಿದ ಕಟ್ಟಡವನ್ನು ತಿಳಿಸಿ ಸೇರಿಸದಿದ್ದರೆ ಆ ಹೊಸ ಭಾಗಕ್ಕೆ ರಕ್ಷಣೆಯಿಲ್ಲ. ಮಗಳ ಮದುವೆಗೆಂದು ಕಟ್ಟಿದ ಎರಡು ಕೋಣೆ ಹೀಗೆಯೇ ಹೊರಗುಳಿಯುತ್ತವೆ.

ಸಣ್ಣ ಅಕ್ಷರದ ಇನ್ನೊಂದು ಮಿತಿಯಿದೆ. ಅವಶೇಷ ತೆರವಿಗೆ ಪರಿಹಾರದ ಮೊತ್ತದ ಶೇ 2, ಎಂಜಿನಿಯರ್–ವಾಸ್ತುಶಿಲ್ಪಿಯ ಶುಲ್ಕಕ್ಕೆ ಶೇ 5 ಸಿಗುತ್ತದೆ. ಮೂರು ಲಕ್ಷದ ಹಾನಿಗೆ ತೆರವಿನ ಪಾಲು ಆರು ಸಾವಿರ. ದೊಡ್ಡ ಮರವನ್ನು ಮಾಡಿನ ಮೇಲಿಂದ ತುಂಡು ಮಾಡಿ ಇಳಿಸುವ ಗರಗಸದವರ ಒಂದು ದಿನದ ಕೂಲಿಗೂ ಅದು ಸಾಲದು. ಈ ವ್ಯತ್ಯಾಸದ ಹಣವನ್ನು ಕೈಯಲ್ಲಿಟ್ಟುಕೊಂಡಿರಬೇಕು.

ಪಾಲಿಸಿ ಯಾರ ಹೆಸರಿನಲ್ಲಿರಬೇಕು ಎಂಬುದು ನಮ್ಮಲ್ಲಿ ಸುಲಭದ ಪ್ರಶ್ನೆಯಲ್ಲ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗದಲ್ಲಿ ಪಹಣಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿದ್ದು, ಮನೆಯಲ್ಲಿ ವಾಸವಿರುವವರು, ಕಟ್ಟಲು ಹಣ ಹಾಕಿದವರು ಬೇರೆಯವರಾಗಿರುವುದುಂಟು. ಐನ್‌ಮನೆಯಾದರೆ ಅದು ಪೂರ್ವಜರ ಮನೆಯಾದ್ದರಿಂದ ಇಡೀ ಒಕ್ಕದ, ಅಂದರೆ ಕುಲದ ಪಾಲಿದೆ. ಆಸ್ತಿ ಹಾಳಾದರೆ ನಷ್ಟ ಅನುಭವಿಸುವವರಿಗೆ ಮಾತ್ರ ವಿಮೆಯ ಹಕ್ಕು ಎಂಬುದು ಮೂಲ ನಿಯಮವಾದ್ದರಿಂದ, ಅರ್ಜಿಯಲ್ಲಿ ಈ ಸ್ಥಿತಿಯನ್ನು ಮುಚ್ಚಿಡದೆ ಬರೆದು, ಸಾಧ್ಯವಾದರೆ ಪಟ್ಟೇದಾರರನ್ನೂ ವಾಸವಿರುವವರನ್ನೂ ಜಂಟಿಯಾಗಿ ಸೇರಿಸಿ, ಉಳಿದ ಪಾಲುದಾರರ ಒಪ್ಪಿಗೆ ಪತ್ರವನ್ನು ಲಗತ್ತಿಸಬೇಕು. ಕೆತ್ತನೆಯ ಕಂಬ, ಹಳೆಯ ತೇಗದ ತೊಲೆಗಳ ಪಾರಂಪರಿಕ ಬೆಲೆ ಪಾಲಿಸಿಯಲ್ಲಿ ಲೆಕ್ಕಕ್ಕಿಲ್ಲ ಎಂಬುದೂ ಐನ್‌ಮನೆಯವರಿಗೆ ತಿಳಿದಿರಲಿ. ಹೋಂಸ್ಟೇ ನಡೆಸುವವರು ಆ ವಿಷಯವನ್ನು ಬರೆದು ತಿಳಿಸಲೇಬೇಕು. ವಾಸದ ಮನೆಯ ಪಾಲಿಸಿ ವ್ಯಾಪಾರದ ಬಳಕೆಗೆ ಸಲ್ಲುವುದಿಲ್ಲ, ಐದು ಕೋಟಿಯವರೆಗಿನ ವ್ಯಾಪಾರದ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಬೇರೆ ಪಾಲಿಸಿಯೇ ಇದೆ. ಬೆಂಗಳೂರಿನಲ್ಲಿದ್ದು ಊರಿನ ಮನೆಗೆ ಬೀಗ ಹಾಕಿರುವವರು ಖಾಲಿ ಮನೆಯ ಬಗೆಗಿನ ಷರತ್ತನ್ನು ಕೇಳಿಯೇ ಸಹಿ ಹಾಕಬೇಕು.

ಪ್ರೀಮಿಯಂ ಮುಂಗಡವಾಗಿ ಸಲ್ಲದೆ ವಿಮೆಯ ಹೊಣೆ ಆರಂಭವಾಗುವುದಿಲ್ಲ ಎಂದು ವಿಮಾ ಕಾಯಿದೆಯೇ ಹೇಳುತ್ತದೆ. ಗುಡ್ಡ ಬಿರುಕು ಬಿಟ್ಟ ಮೇಲೆ ಏಜೆಂಟರಿಗೆ ಫೋನ್ ಮಾಡಿ ಫಲವಿಲ್ಲ. ನವೀಕರಣದ ದಿನಾಂಕ ಜುಲೈ–ಆಗಸ್ಟ್‌ನಲ್ಲಿದ್ದರೆ ಅದನ್ನು ಮೇ ತಿಂಗಳಿಗೆ ಸರಿಸಿಕೊಳ್ಳುವುದು ಜಾಣತನ.

ನಾಲ್ಕನೆಯ ಹೆಜ್ಜೆ: ಮೇ ತಿಂಗಳ ಫೋಟೋಗಳು

ಹಾನಿಗೆ ಮೊದಲು ಮಾಡು ಚೆನ್ನಾಗಿತ್ತು ಎಂದು ತೋರಿಸಲಾಗದವರ ಕ್ಲೇಮು ಹಳೆಯದಾಗಿ ಸವೆದದ್ದು ಎಂಬ ಒಂದೇ ಮಾತಿಗೆ ಬಿದ್ದುಹೋಗುತ್ತದೆ. ಪ್ರತಿವರ್ಷ ಮಳೆಗೆ ಮೊದಲು ಗಟರ್ ತೆಗೆಸಿ, ಹೆಂಚು ತಿರುವಿಸಿ, ಆದ ಮೇಲೆ ನಾಲ್ಕೂ ದಿಕ್ಕಿನಿಂದ ಮತ್ತು ಒಳಗಿನಿಂದ ಪಕ್ಕಾಸು, ರೀಪುಗಳು ಕಾಣುವಂತೆ ಫೋಟೋ ತೆಗೆಯಿರಿ, ಅದನ್ನು ಅದೇ ದಿನ ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಕೆಲಸದವರ ಕೂಲಿಗೆ ಒಂದು ಚೀಟಿ ಬರೆಸಿಕೊಳ್ಳಿ. ಅಪಾಯಕಾರಿ ಮರವಿದ್ದು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾಗಿದ್ದರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಮತಿ ಬರುವಷ್ಟರಲ್ಲಿ ಮರ ಬಿದ್ದರೂ, ನಿರ್ಲಕ್ಷ್ಯ ನಿಮ್ಮದಲ್ಲ ಎಂದು ಆ ಕಾಗದ ಹೇಳುತ್ತದೆ.

ಐದನೆಯ ಹೆಜ್ಜೆ: ಹಾನಿಯಾದ ದಿನ

ಮೊದಲು ಜನ, ಆಮೇಲೆ ವಿದ್ಯುತ್. ಮೇನ್ ಸ್ವಿಚ್ ಆರಿಸದೆ ನೆನೆದ ಕೋಣೆಗೆ ಕಾಲಿಡಬಾರದು. ಆಮೇಲೆ ಏನನ್ನೂ ಸರಿಸುವ ಮೊದಲು ಫೋಟೋ ಮತ್ತು ವಿಡಿಯೊ: ಬಿದ್ದ ಮರದ ಬುಡದಿಂದ ಮಾಡಿನವರೆಗೆ ಒಂದೇ ಓಟದಲ್ಲಿ ತೆಗೆದ ವಿಡಿಯೊ ಹತ್ತು ಬಿಡಿ ಚಿತ್ರಗಳಿಗಿಂತ ಉಪಯುಕ್ತ. ಅದಾದ ಕೂಡಲೇ ಟಾರ್ಪಾಲ್ ಹೊದಿಸಿ. ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬರುವವರೆಗೆ ಮುಟ್ಟಬಾರದೆಂದು ಮಳೆಗೆ ತೆರೆದಿಡುವವರಿದ್ದಾರೆ, ಅದು ತಪ್ಪು ತಿಳಿವಳಿಕೆ. ಹಾನಿ ಹೆಚ್ಚಾಗದಂತೆ ತಡೆಯುವುದು ಪಾಲಿಸಿದಾರನ ಕರ್ತವ್ಯ. ಟಾರ್ಪಾಲಿನ ಬಿಲ್ಲನ್ನೂ, ಮುರಿದ ಶೀಟು–ಹೆಂಚುಗಳನ್ನೂ ಎಸೆಯದೆ ಇಟ್ಟುಕೊಳ್ಳಿ.

ಅದೇ ದಿನ ವಿಮಾ ಕಂಪನಿಗೆ ಫೋನ್ ಮಾಡಿ ಕ್ಲೇಮಿನ ಸಂಖ್ಯೆ ಪಡೆದು, ಇಮೇಲನ್ನೂ ಕಳಿಸಿ. ಕ್ಲೇಮ್ ಫಾರಂ ಸಲ್ಲಿಸಲು ಹಾನಿಯನ್ನು ಗಮನಿಸಿದ ದಿನದಿಂದ 30 ದಿನಗಳಿವೆ. ಕರೆಂಟು, ನೆಟ್‌ವರ್ಕು ಎರಡೂ ಇಲ್ಲದ ದಿನಗಳು ನಮ್ಮಲ್ಲಿ ಸಾಮಾನ್ಯವಾಗಿರುವುದರಿಂದ ತಡವಾದರೆ ಕಾರಣವನ್ನು ಬರೆಯಿರಿ.

ಗ್ರಾಮ ಆಡಳಿತಾಧಿಕಾರಿಗೂ ತಿಳಿಸಿ ಮಹಜರು ಮಾಡಿಸಬೇಕು. ಇದಕ್ಕೆ ಎರಡು ಉಪಯೋಗ. ಒಂದು, ವಿಕೋಪ ಪರಿಹಾರ ನಿಧಿಯ ನೆರವು: ಕೇಂದ್ರದ 2022–26ರ ಮಾನದಂಡದಂತೆ ಗುಡ್ಡಗಾಡು ಪ್ರದೇಶದಲ್ಲಿ ಮನೆ ಪೂರ್ತಿ ನಾಶವಾದರೆ 1.3 ಲಕ್ಷ, ಪಕ್ಕಾ ಮನೆಗೆ ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದರೆ 6,500 ರೂಪಾಯಿ. ಈ ಮೊತ್ತದಲ್ಲಿ ಮಾಡು ಕಟ್ಟಲಾಗದು ಎಂಬುದು ಗೊತ್ತಿರುವ ಸಂಗತಿ. ಎರಡನೆಯ ಉಪಯೋಗವೇ ದೊಡ್ಡದು: ದಿನಾಂಕ ಮತ್ತು ಕಾರಣವನ್ನು ಸರಕಾರಿ ಕಾಗದವೊಂದು ದೃಢಪಡಿಸುತ್ತದೆ. ಇದರ ಜೊತೆಗೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕದ ದಾಖಲೆಯನ್ನೂ ಸೇರಿಸಿ. ತೋಟದವರಾದರೆ ದಿನಾ ಬೆಳಿಗ್ಗೆ ಇಂಚು, ಸೆಂಟಿನ ಲೆಕ್ಕದಲ್ಲಿ ಮಳೆ ಬರೆದಿಡುವ ಪುಸ್ತಕವೂ ಸಾಕ್ಷ್ಯವೇ, ಅದರ ಪುಟದ ಪ್ರತಿಯನ್ನು ಲಗತ್ತಿಸಲು ಹಿಂಜರಿಯಬೇಡಿ.

ಆರನೆಯ ಹೆಜ್ಜೆ: ಸರ್ವೇಯರ್ ಬಂದಾಗ

ನೀವೇ ಏಣಿ, ಟಾರ್ಚು ಸಿದ್ಧವಿಟ್ಟು ಜೊತೆಗಿರಿ, ಮಾಡು ಹಾಕಿದ ಮೇಸ್ತ್ರಿಯನ್ನೂ ಕರೆಸಿ. ಮಾತಿನಲ್ಲಿ ಎಚ್ಚರ ಬೇಕು. ಹೋದ ವರ್ಷದಿಂದಲೇ ಸ್ವಲ್ಪ ಸೋರುತ್ತಿತ್ತು ಎಂದು ಸಂಕೋಚದಿಂದ ಹೇಳಿದ ಒಂದು ವಾಕ್ಯ ವರದಿಯಲ್ಲಿ ಮುಖ್ಯ ವಾಕ್ಯವಾಗಿಬಿಡುತ್ತದೆ. ಸುಳ್ಳು ಹೇಳಿ ಎಂದು ನಾನು ಹೇಳುತ್ತಿಲ್ಲ, ಸುಳ್ಳು ಹೇಳಿದರೆ ಇಡೀ ಕ್ಲೇಮು ರದ್ದಾಗುತ್ತದೆ. ಹಳೆಯ ಸೋರಿಕೆ ಅಡುಗೆಮನೆಯ ಮೂಲೆಯಲ್ಲಿತ್ತು, ಮರ ಬಿದ್ದದ್ದು ಜಗಲಿಯ ಮೇಲೆ ಎಂದು ಎರಡನ್ನೂ ಬೇರ್ಪಡಿಸಿ ಹೇಳಬೇಕು. ಹಳೆಯ ಹಾನಿಯ ಖರ್ಚನ್ನು ಅಂದಾಜು ಪಟ್ಟಿಯಲ್ಲಿ ನೀವೇ ಹೊರಗಿಟ್ಟರೆ ಉಳಿದದ್ದಕ್ಕೆ ನಂಬಿಕೆ ಬರುತ್ತದೆ.

ಅಂದಾಜು ಪಟ್ಟಿಯಲ್ಲಿ ಒಟ್ಟು ಮೊತ್ತ ಬರೆದರೆ ಸಾಲದು. ಶೀಟಿನ ಅಡಿ, ಪಕ್ಕಾಸಿನ ಉದ್ದ, ಕೂಲಿಯಾಳುಗಳ ದಿನ, ಮಲೆನಾಡಿನ ರಸ್ತೆಯಲ್ಲಿ ಸಾಗಾಣಿಕೆಯ ದರ ಎಲ್ಲವೂ ಬಿಡಿಬಿಡಿಯಾಗಿ ಇರಲಿ. ಕಟ್ಟಡದ ಭಾಗಶಃ ಹಾನಿಗೆ ಪಾಲಿಸಿ ಕೊಡುವುದು ರಿಪೇರಿಗೆ ತಗುಲಿದ ವೆಚ್ಚವನ್ನು, ಆದ್ದರಿಂದ ರಿಪೇರಿಯ ಪ್ರತಿ ಬಿಲ್ಲೂ ಬೇಕು. ಮನೆ ವಾಸಕ್ಕೆ ಯೋಗ್ಯವಾಗುವವರೆಗೆ ಬಾಡಿಗೆ ಮನೆಯಲ್ಲಿದ್ದರೆ ಅದಕ್ಕೂ ಪಾಲಿಸಿಯಲ್ಲಿ ಅವಕಾಶವಿದೆ, ಕರಾರು ಪತ್ರ ಮತ್ತು ರಸೀದಿ ಇಟ್ಟುಕೊಳ್ಳಿ.

ಕಾರಣ ಎರಡೂ ಕಡೆಗೆ ಸೇರಿದ್ದಾದರೆ, ಅಂದರೆ ಗಾಳಿಗೆ ಶೀಟ್ ಹಾರಿತು ಆದರೆ ಸ್ಕ್ರೂಗಳು ಮೊದಲೇ ವಿರಳವಾಗಿ ಹಾಕಲ್ಪಟ್ಟಿದ್ದವು ಎಂಬಂಥ ಸಂದರ್ಭದಲ್ಲಿ, ವಿಮಾ ಕಂಪನಿಗೂ ಗುತ್ತಿಗೆದಾರರಿಗೂ ಒಂದೇ ದಿನ ಬರೆದು ತಿಳಿಸಿ. ಒಬ್ಬರ ಉತ್ತರಕ್ಕೆ ಕಾದು ಇನ್ನೊಬ್ಬರ ಅವಧಿ ಮೀರಿಸಿಕೊಳ್ಳಬಾರದು. ಅಕ್ಕಪಕ್ಕದ ಶೀಟಿನ ಮಾಡುಗಳು ಅದೇ ಗಾಳಿಗೆ ಏನಾದವು ಎಂಬುದರ ಫೋಟೋ ಇಲ್ಲಿ ನಿರ್ಣಾಯಕ. ಸುತ್ತಲ ಮನೆಗಳ ಮಾಡೂ ಹಾರಿದ್ದರೆ ಅದು ಗಾಳಿ, ನಿಮ್ಮದೊಂದೇ ಹಾರಿದ್ದರೆ ಅದು ಸ್ಕ್ರೂ.

ಏಳನೆಯ ಹೆಜ್ಜೆ: ಇಲ್ಲ ಎಂದರೆ

ವಿಮಾ ಕಂಪನಿ ನಿರಾಕರಿಸಿದರೆ ಯಾವ ಷರತ್ತಿನಡಿ ಎಂದು ಲಿಖಿತ ಉತ್ತರ ಮತ್ತು ಸರ್ವೇಯರ್ ವರದಿಯ ಪ್ರತಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆದು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಒಂಬುಡ್ಸ್‌ಮನ್) ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಐವತ್ತು ಲಕ್ಷದವರೆಗೆ ಅವರು ಕೊಡುವ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ಐಆರ್‌ಡಿಎಐನ ‘ಬಿಮಾ ಭರೋಸಾ’ ಜಾಲತಾಣದಲ್ಲೂ, 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು.

ಶೀಟ್ ತಯಾರಕರು, ಅಂಗಡಿಯವರು ಅಥವಾ ಗುತ್ತಿಗೆದಾರರ ವಿರುದ್ಧ ಲೋಕಪಾಲರ ಬಳಿ ಹೋಗುವಂತಿಲ್ಲ. ಅದಕ್ಕೆ ಮಡಿಕೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ತಕರಾರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು 1915 ಗ್ರಾಹಕ ಸಹಾಯವಾಣಿಗೆ ಕರೆಮಾಡಿ ದೂರು ದಾಖಲಿಸಿದರೆ ಕೆಲವು ಕಂಪನಿಗಳು ಅಷ್ಟಕ್ಕೇ ಮಾತಿಗೆ ಬರುತ್ತವೆ. ತಯಾರಕರು, ಅಂಗಡಿಯವರು, ಕೂರಿಸಿದವರು ಮೂವರನ್ನೂ ಒಂದೇ ದೂರಿನಲ್ಲಿ ಎದುರುದಾರರನ್ನಾಗಿ ಮಾಡಬೇಕು. ಒಬ್ಬರನ್ನು ಬಿಟ್ಟರೆ ಉಳಿದವರು ಬೆರಳು ತೋರಿಸುವುದು ಆ ಗೈರುಹಾಜರಾದವರ ಕಡೆಗೇ. ವಿಮಾ ಕಂಪನಿಯ ವಿರುದ್ಧವೂ ಇದೇ ಆಯೋಗಕ್ಕೆ ಹೋಗಬಹುದು, ಆದರೆ ಆಯೋಗದಲ್ಲಿ ಪ್ರಕರಣ ನಡೆಯುತ್ತಿರುವ ವಿಷಯವನ್ನು ಲೋಕಪಾಲರು ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ, ವಿಮೆಯ ಜಗಳಕ್ಕೆ ಮೊದಲು ಲೋಕಪಾಲರಲ್ಲಿಗೆ, ಅಲ್ಲಿ ಆಗದಿದ್ದರೆ ಆಯೋಗಕ್ಕೆ ಎಂಬ ಕ್ರಮದಲ್ಲಿ ಹೋಗುವುದು ಖರ್ಚಿನ ದೃಷ್ಟಿಯಿಂದ ಲೇಸು.